ಬೋರ್ಡಿಗೆ ಬಾರದ ಸಾಲು

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಎದುರಿನ ಸೈಕಲ್ ರಿಪೇರಿ ಅಂಗಡಿಯಲ್ಲಿ ಯಾರೋ ಬೆಲ್ ಬಾರಿಸಿ ನೋಡುತ್ತಿದ್ದ ಸದ್ದು ಕೇಳುತ್ತಿತ್ತೇ ಹೊರತು ಅಂಗಡಿ ಕಾಣುತ್ತಿರಲಿಲ್ಲ. ದೊಡ್ಡಕ್ಕ ತನ್ನ ಗೇಮ್ ಸೆಂಟರಿನಲ್ಲಿ ಸ್ಟೂಲಿನ ಮೇಲೆ ನಿಂತು ಗೋಡೆಯ ಬೋರ್ಡಿನ ನಾಲ್ಕನೆಯ ಸ್ಕ್ರೂ ಜೊತೆ ಗುದ್ದಾಡುತ್ತಿದ್ದಳು. ಮೂರು ಬಂದಿದ್ದವು. ನಾಲ್ಕನೆಯದು ತುಕ್ಕು ಹಿಡಿದು ಗೋಡೆಯನ್ನು ತಬ್ಬಿಕೊಂಡು ಕೂತಿತ್ತು.

"ಇಳೀರಿ ಅಕ್ಕಾ, ಬಿದ್ದುಗಿದ್ದೀರಿ. ಕಬ್ಬಿಣ ನನ್ನ ಮಾತು ಕೇಳುತ್ತೆ." ಮಂಜಿನೊಳಗಿಂದ ಮೊದಲು ದನಿ ಬಂತು, ಅದರ ಹಿಂದೆಯೇ ಬೆಂಕಿ ಬಂದ.

ಬೆಂಕಿ ಎಂದರೆ ಮುಂದಿನ ತಿರುವಿನ ವೆಲ್ಡಿಂಗ್ ಅಂಗಡಿಯವನು. ಆದರೆ ಅವನಿಗೆ ಹೆಸರು ಮೊದಲು ಬಂದದ್ದು, ಕಸುಬು ಆಮೇಲೆ. ಹತ್ತೊಂಬತ್ತರ ಹರೆಯದಲ್ಲಿ ಇದೇ ಗೇಮ್ ಸೆಂಟರಿನ ಮೂರನೇ ಕಂಪ್ಯೂಟರಿನಲ್ಲಿ ಕೂತು ಅವನು ಬೆಂಕಿ ಉಗುಳುವ ವೀರನಾಗಿ ಆಡುತ್ತಿದ್ದ. ಆ ಆಟದಲ್ಲಿ ಎರಡು ತಂಡ, ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೂ ಒಬ್ಬೊಬ್ಬ ವೀರ. ಬಯಲಿನ ನಡುವೆ ಒಂದು ಚಕ್ರ. ಆ ಚಕ್ರದಲ್ಲಿ ನೂರು ಎಣಿಸುವಷ್ಟು ಹೊತ್ತು ಯಾರ ಕಡೆಯವರು ನಿಲ್ಲುತ್ತಾರೋ ಅವರು ಗೆದ್ದರು. ಬೆಂಕಿ, ಎದುರಾಳಿಗಳನ್ನು ಉರಿಸುವವನು. ಈಗ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಕನ್ನಡಕ, ಮಾಳಿಗೆ ಹತ್ತಿ ದೂರದಿಂದ ಗುರಿಯಿಡುವವನು. ಈಗ ಲಾರಿ ಓಡಿಸುವ ಗೋಡೆ, ಎಲ್ಲರ ಮುಂದೆ ಗುರಾಣಿ ಹಿಡಿಯುವವನು. ನಾಲ್ಕನೆಯವಳು ಮದ್ದು. ಹಿಂದೆ ನಿಂತು, ಪೆಟ್ಟು ತಿಂದವರಿಗೆ ಔಷಧಿ ಕೊಟ್ಟು ಎಬ್ಬಿಸುವವಳು.

ಸ್ಕ್ರೂ ಬಂತು. ಬೋರ್ಡು ಇಳಿಯಿತು. ಗೋಡೆಯ ಮೇಲೆ ಅದರಷ್ಟೇ ಅಗಲದ ಬಿಳಿ ಚೌಕ ಉಳಿಯಿತು. ಬೆಂಕಿ ಅಂಗೈಯಿಂದ ಧೂಳು ಒರೆಸಿ, ಓದದೆಯೇ ಬಾಯಿಪಾಠ ಒಪ್ಪಿಸಿದ: "ಒಬ್ಬನೇ ಮುಂದೆ ಹೋದವನು ಒಬ್ಬನೇ ಸಾಯುತ್ತಾನೆ. ಬಾಗಿಲಲ್ಲಿ ಕಾಯಿ, ನಾಲ್ವರೂ ಸೇರಲಿ. ಕೊಂದದ್ದನ್ನು ಎಣಿಸಬೇಡ, ನಿಂತ ಜಾಗ ನೋಡು. ಅಕ್ಕಾ, ನಾನು ಅಂಗಡಿ ಹುಡುಗರಿಗೆ ದಿನಾ ಹೇಳೋದು ಇದನ್ನೇ. ಗ್ಯಾಸ್ ಹಚ್ಚೋ ಮುಂಚೆ ಪಕ್ಕದವನು ಎಲ್ಲಿದ್ದಾನೆ ನೋಡ್ರೋ ಅಂತ. ದೊಡ್ಡಕ್ಕನ ಸೂತ್ರ ಅಂದ್ರೆ ಸುಮ್ನೇನಾ?"

ದೊಡ್ಡಕ್ಕ ಸ್ಟೂಲನ್ನು ಮೂಲೆಗೆ ತಳ್ಳಿದಳು. "ಟೀ ಕುಡೀತೀಯಾ?"

"ಟೀ ಇರಲಿ. ಇದು ನೋಡಿ ಮೊದಲು." ಅವನು ಗೋಣಿಚೀಲ ಬಿಚ್ಚಿದ. ಒಳಗೆ ಬೋರ್ಡಿನ ಅಳತೆಗೇ ಮಾಡಿದ ಕಬ್ಬಿಣದ ಚೌಕಟ್ಟು. ಕೆಳಗಿನ ಪಟ್ಟಿಯ ಮೇಲೆ ಕರಗಿಸಿದ ಕಬ್ಬಿಣದಲ್ಲೇ ಉಬ್ಬುಬ್ಬಾಗಿ ಬರೆದಿದ್ದ: ದೊಡ್ಡಕ್ಕ ಹೇಳಿದ್ದು. "ನೀವಂತೂ ಸೆಂಟರ್ ಮುಚ್ತೀರಿ. ಬೋರ್ಡು ನನ್ನ ಅಂಗಡಿ ಬಾಗಿಲಿಗೆ. ಹಣೆಬರಹ ಬೇಕಾದ್ರೆ ಅಳಿಸಬಹುದು, ಇದು ಅಳಿಸಲ್ಲ ನೋಡಿ."

ಆ ಅಕ್ಷರಗಳ ಮೇಲೆ ಬೆರಳಾಡಿಸಿದ ದೊಡ್ಡಕ್ಕನಿಗೆ, ಆರಿದ ಕಬ್ಬಿಣವೂ ಸುಡುತ್ತದೆ ಅನ್ನಿಸಿತು.

ಆ ಸೂತ್ರಗಳಲ್ಲಿ ಒಂದೂ ಅವಳದಲ್ಲ. ಹದಿನೈದು ವರ್ಷದ ಹಿಂದೆ, ಇದೇ ಕೋಣೆಯಲ್ಲಿ ಪಂದ್ಯದ ಕೊನೆಯ ಆಟ. ಬೆಂಕಿ ಒಬ್ಬನೇ ಮುನ್ನುಗ್ಗಿದ. ಅವನ ಬೆನ್ನಿಗೆ ಗೋಡೆ ಓಡಿದ. ಹಿಂದೆ ಒಂಟಿಯಾಗಿ ಉಳಿದ ಮದ್ದುವನ್ನು ಎದುರಾಳಿಗಳು ಸುತ್ತುವರಿದು ಕೆಡವಿದರು. ಔಷಧಿಯಿಲ್ಲದೆ ಉಳಿದವರೂ ಬಿದ್ದರು. "ಎಲ್ಲಾ ನಿನ್ನಿಂದಲೇ, ಎಲ್ಲಿ ಸತ್ತಿದ್ದೆ?" ಎಂದು ಬೆಂಕಿ ಕೂಗಿದ. ಹದಿನೇಳರ ಹುಡುಗಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಎದ್ದು ಹೋದಳು. ಅವಳ ನೀಲಿ ರಟ್ಟಿನ ನೋಟ್‌ಬುಕ್ ಮಾತ್ರ ಕೀಬೋರ್ಡಿನ ಪಕ್ಕದಲ್ಲೇ ಉಳಿಯಿತು. ಬಂದಾಗ ಕೊಡೋಣವೆಂದು ದೊಡ್ಡಕ್ಕ ಎತ್ತಿಟ್ಟಳು. ಅವಳು ಬರಲಿಲ್ಲ. ನರ್ಸಿಂಗ್ ಓದಲು ಬೇರೆ ಊರಿಗೆ ಹೋದಳೆಂದು ಸುದ್ದಿ ಬಂತು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಹೊಸಬರಿಗೆ ಎಂದು ತಲೆಬರಹ ಕೊಟ್ಟು ಏಳು ಸಾಲು ಬರೆದಿತ್ತು. ಹೊಸದಾಗಿ ಬಂದವರು ಹೇಗಾಡಬೇಕೆಂದು ಕೇಳಿದಾಗಲೆಲ್ಲ ದೊಡ್ಡಕ್ಕ ಅದನ್ನು ನೋಡಿ ಹೇಳುತ್ತಿದ್ದಳು. ಹೇಳಿ ಹೇಳಿ ಸಾಕಾಗಿ ಪೇಂಟರನ್ನು ಕರೆಸಿ ಬೋರ್ಡು ಬರೆಸಿದಳು. ಆರು ಸಾಲಿಗೆ ಬೋರ್ಡು ಬಹುಪಾಲು ತುಂಬಿತು. ಏಳನೆಯದನ್ನು ಅವಳೇ ಬಿಟ್ಟಳು. ಇದು ಆಟದ ಮಾತಲ್ಲ, ಆ ಹುಡುಗಿಯ ಮನಸ್ಸಿನ ನೋವು, ಗೋಡೆಗೇಕೆ ಎಂದುಕೊಂಡಳು. ಮರುದಿನ ಯಾರೋ "ಎಷ್ಟು ಚೆನ್ನಾಗಿ ಬರ್ದಿದ್ದೀರಿ ಅಕ್ಕಾ" ಎಂದರು. ಗಿರಾಕಿಗಳ ಗದ್ದಲವಿತ್ತು. ಅವಳು ಸುಮ್ಮನಿದ್ದಳು. ಸುಳ್ಳನ್ನಾದರೂ ಬಾಯಿಬಿಟ್ಟು ಹೇಳಬೇಕು. ಸುಮ್ಮನಿರುವುದಕ್ಕೆ ಅಷ್ಟು ಶ್ರಮವೂ ಬೇಡ. ಒಂದು ದಿನದ ಮೌನ ಬೇರುಬಿಟ್ಟು, ಚಿಗುರಿ, ಹದಿನೈದು ವರ್ಷದಲ್ಲಿ ನೆರಳು ಕೊಡುವ ಮರವೇ ಆಯಿತು. ಆ ನೆರಳಿನಲ್ಲಿ ಅವಳು ತಂಪಾಗಿಯೇ ಕೂತಿದ್ದಳು. ದಿನಾ ಬೆಳಿಗ್ಗೆ ಬಾಗಿಲು ತೆರೆಯುವಾಗ "ದೇವರೇ, ಆ ಹುಡುಗಿಯನ್ನು ಒಮ್ಮೆ ಕಳಿಸು" ಎಂದು ಬೇಡುವಳು. ಸಂಜೆ ಬಾಗಿಲೆಳೆಯುವಾಗ, ಸದ್ಯ, ಬರಲಿಲ್ಲವಲ್ಲ ಎಂದು ಉಸಿರುಬಿಡುವಳು. ಎರಡನ್ನೂ ಕೇಳಿಸಿಕೊಳ್ಳುವ ದೇವರಿಗೆ ತಾಳ್ಮೆ ದೊಡ್ಡದು.

ಇವತ್ತು ಕಳಿಸಿದ್ದ.

ಸೆಂಟರ್ ಮುಚ್ಚುವ ಮುಂಚೆ ಹಳೆಯ ತಂಡ ಕೊನೆಯದೊಂದು ಆಟ ಆಡಬೇಕೆಂದಿತ್ತು. ಮದ್ದು ಕನ್ನಡಕನ ಸ್ಕೂಟರಿನಿಂದ ಇಳಿದಳು. ಮೂವತ್ತೆರಡರ ಹೆಂಗಸು, ಕೂದಲನ್ನು ಗಟ್ಟಿಯಾಗಿ ಕಟ್ಟಿದ್ದಳು. ಆಂಬುಲೆನ್ಸಿನಲ್ಲಿ ನರ್ಸಂತೆ, ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು. "ಏನಕ್ಕಾ, ಹಾಗೇ ಇದ್ದೀರಲ್ಲ" ಎಂದು ಕೈ ಹಿಡಿದುಕೊಂಡಳು. ಆ ಕೈ ಬೆಚ್ಚಗಿತ್ತು. ದೊಡ್ಡಕ್ಕನದು ತಣ್ಣಗಿತ್ತು.

"ಗೋಡೆ ಬರಲ್ಲ," ಕನ್ನಡಕ ಗಾಜು ಒರೆಸುತ್ತ ಹೇಳಿದ. "ಹೆದ್ದಾರೀಲಿ ಮಂಜು, ಲಾರಿ ಸಾಲುಗಟ್ಟಿ ನಿಂತಿದೆಯಂತೆ. ಮಧ್ಯಾಹ್ನ ಕಂಪ್ಯೂಟರ್ ಕೊಳ್ಳೋರು ಬಂದುಬಿಡ್ತಾರೆ. ಮೂವರಲ್ಲಿ ಆಡೋ ಹಾಗಿಲ್ಲ."

"ಮೂವರು ಯಾಕೋ ಮೇಷ್ಟ್ರೇ? ಸೂತ್ರ ಬರೆದವರೇ ಎದುರಿಗಿದ್ದಾರೆ," ಎಂದ ಬೆಂಕಿ. "ಅಕ್ಕಾ, ಗುರಾಣಿ ನಿಮ್ಮದು."

"ನನಗೆಲ್ಲಿ ಬರುತ್ತೋ!"

"ನಿಮಗೆ ಬರದಿದ್ದು ಇನ್ಯಾರಿಗೆ ಬರುತ್ತೆ ಬಿಡಿ."

ಮದ್ದು ಗೋಡೆಗೆ ಒರಗಿಸಿಟ್ಟ ಬೋರ್ಡಿನ ಮುಂದೆ ಬಗ್ಗಿ ನಿಂತು, ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದಳು. ಆರನೆಯ ಸಾಲು ಮುಗಿದ ಮೇಲೂ ಅವಳ ಕಣ್ಣು ಒಂದು ಗಳಿಗೆ ಕೆಳಗಿನ ಖಾಲಿ ಅಂಚಿನಲ್ಲಿ ನಿಂತಿತು. "ಅಕ್ಷರ ಚೆನ್ನಾಗಿದೆ," ಎಂದಷ್ಟೇ ಹೇಳಿ ತನ್ನ ಹಳೆಯ ಒಂಬತ್ತನೇ ಕಂಪ್ಯೂಟರಿಗೆ ಹೋಗಿ ಕೂತಳು.

ದೊಡ್ಡಕ್ಕ ಹತ್ತನೆಯದರಲ್ಲಿ ಕೂತಳು. ಹತ್ತೊಂಬತ್ತು ವರ್ಷ ಈ ಕೀಬೋರ್ಡುಗಳನ್ನು ಒರೆಸಿದ್ದಳು, ಹೀಗೆ ಬೆರಳಿಟ್ಟು ಕೂತಿರಲಿಲ್ಲ. ಮುಂದೆ ಹೋಗುವ ಕೀಯ ಮೇಲಿನ ಅಕ್ಷರ ಸವೆದು ಅಳಿಸಿಹೋಗಿತ್ತು. ಹಿಂದೆ ಬರುವ ಕೀಯ ಮೇಲಿನದು ನಿನ್ನೆ ತಂದದ್ದರ ಹಾಗೆ ಹೊಳೆಯುತ್ತಿತ್ತು.

ಎದುರಿಗೆ ಯಾವುದೋ ಊರಿನ, ಮುಖ ಕಾಣದ ನಾಲ್ವರು. ಮೂರು ಸುತ್ತಿನ ಆಟ. ಪರದೆಯ ಮೇಲೆ ಬಾಗಿಲು ತೆರೆದದ್ದೇ ತಡ, ದೊಡ್ಡಕ್ಕನ ಬೆರಳು ಮುಂದಿನ ಕೀಯನ್ನು ಒತ್ತಿದ್ದು ಒತ್ತಿದ್ದೇ. ಗುರಾಣಿ ಹೊತ್ತ ವೀರ ಮದುವೆಗೆ ತಡವಾದ ನೆಂಟನ ಹಾಗೆ ಓಡಿದ. ಚಕ್ರದ ನಡುವೆ ನಿಂತು ನೋಡಿದರೆ ಸುತ್ತ ತನ್ನವರು ಒಬ್ಬರೂ ಇಲ್ಲ. ನಾಲ್ಕು ಕಡೆಯಿಂದ ಗುಂಡು. ಪರದೆ ಬೂದು ಬಣ್ಣಕ್ಕೆ ತಿರುಗಿತು.

ಬೆಂಕಿ ಕುರ್ಚಿಯಿಂದ ಬೀಳುವಷ್ಟು ನಕ್ಕ. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ! ಅಕ್ಕಾ, ನೀವು ಬರೆದದ್ದು ನೀವೇ ಓದಿಲ್ವಾ?"

"ವಯಸ್ಸಾಯ್ತು ಕಣೋ," ಎಂದಳು ದೊಡ್ಡಕ್ಕ. ಆ ಸುಳ್ಳಿನ ರುಚಿ ನಾಲಿಗೆಯ ಮೇಲೆ ಕಹಿಯಾಗಿ ಉಳಿಯಿತು. ಆಮೇಲೂ ಎರಡು ಸಲ ಓಡಿದಳು, ಎರಡು ಸಲವೂ ಸತ್ತಳು. ಮೊದಲ ಸುತ್ತು ಹೋಯಿತು.

ಎರಡನೆಯ ಸುತ್ತಿಗೆ ಮುಂಚೆ ಮದ್ದು ತನ್ನ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಗಾಬರಿಯಾದ ರೋಗಿಯ ಜೊತೆ ಆಡುವ ತಗ್ಗಿದ ದನಿಯಲ್ಲಿ ಹೇಳಿದಳು: "ಅಕ್ಕಾ, ನೀವು ಯಾರನ್ನೂ ಹೊಡೀಬೇಕಾಗಿಲ್ಲ. ಗುರಾಣಿ ಅಂದ್ರೆ ಕತ್ತಿ ಅಲ್ಲ, ಕೊಡೆ. ಮಳೇಲಿ ಕೊಡೆ ಹಿಡಿದೋರು ಓಡಿಬಿಟ್ರೆ ಜೊತೇಲಿರೋರು ನೆನೆಯಲ್ವಾ? ಇವರು ನಡೆದಷ್ಟೇ ನಡೀರಿ. ಗುರಾಣಿ ಬಿರುಕು ಬಿಟ್ರೆ ಕಂಬದ ಹಿಂದೆ ಬನ್ನಿ. ಹಿಂದೆ ಬಂದ್ರೆ ಸೋತ ಹಾಗಲ್ಲ."

"ಇದು ಬೋರ್ಡಲ್ಲೇ ಇದೆಯಲ್ಲೋ, ನಾಲ್ಕನೇದು," ಎಂದ ಕನ್ನಡಕ, ಬೆಂಕಿಗೆ. "ಆದ್ರೆ ಮಳೆ ವಿಷಯ ಇಲ್ಲ. ಮದ್ದು ಹೇಳಿದ ಮೇಲೆ ಈಗ ಅರ್ಥವಾಯ್ತು ನೋಡು."

ಮದ್ದು ಪರದೆಯ ಕಡೆ ತಿರುಗಿದಳು. ದೊಡ್ಡಕ್ಕ ಅವಳ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಎದುರಿಸಲು ಏನಾದರೂ ಸಿಗುತ್ತಿತ್ತು.

ಎರಡನೆಯ ಸುತ್ತಿನಲ್ಲಿ ಅವಳು ನಡೆದಳು. ಬೆಂಕಿ ಪಕ್ಕದಲ್ಲಿ, ಕನ್ನಡಕ ಮಾಳಿಗೆಯ ಮೇಲೆ, ಬೆನ್ನ ಹಿಂದಿನಿಂದ ಆಗಾಗ ಹಸಿರು ಬೆಳಕು ಬಂದು ಪೆಟ್ಟು ಮಾಯುತ್ತಿತ್ತು. ಕೋಣೆಯಲ್ಲಿ ಹಳೆಯ ಸದ್ದು ಎದ್ದಿತು. ಕೀಗಳ ಕಟಕಟ, "ಎಡಕ್ಕೆ ಎಡಕ್ಕೆ" ಎಂಬ ಕೂಗು, ಫ್ಯಾನಿನ ಕಿರಕಿರ. ಹನ್ನೆರಡು ಕುರ್ಚಿಗೂ ಜನ ಕಾಯುತ್ತಿದ್ದ ಕಾಲ, ಬಾಗಿಲ ತುಂಬ ಚಪ್ಪಲಿಗಳ ರಾಶಿ, ಮಕ್ಕಳನ್ನು ಹುಡುಕಿಕೊಂಡು ಬಂದ ತಾಯಂದಿರು ಬೈಯಲು ಬಂದವರೇ ನಿಂತು ಆಟ ನೋಡುತ್ತಿದ್ದುದು, ಎಲ್ಲ ಒಂದು ಗಳಿಗೆ ಆ ಮುಚ್ಚಲಿರುವ ಕೋಣೆಗೆ ಮರಳಿ ಬಂದು ಕೂತವು. ನೂರು ಎಣಿಕೆ ಮುಗಿಯಿತು. ಗೆದ್ದಿದ್ದರು. ಬೆಂಕಿ ಮೇಜು ಗುದ್ದಿದ. "ನೋಡಿದ್ರಾ? ದೊಡ್ಡಕ್ಕನ ಸೂತ್ರ!"

ಚೌಕಟ್ಟು ಅವನ ಪಕ್ಕದ ಮೇಜಿನ ಮೇಲಿತ್ತು. ಅದರ ಅಕ್ಷರಗಳ ಮೇಲೆ ಪರದೆಯ ಬೆಳಕು ಆಡುತ್ತಿತ್ತು.

ಮೂರನೆಯ ಸುತ್ತು ಹಗ್ಗಜಗ್ಗಾಟವಾಯಿತು. ಅವರ ಎಣಿಕೆ ತೊಂಬತ್ತೆರಡು, ಇವರದು ತೊಂಬತ್ತು. ಚಕ್ರದಲ್ಲಿ ದೊಡ್ಡಕ್ಕ, ಬೆಂಕಿ. "ನಿಲ್ರಿ ಅಕ್ಕಾ, ಅಲ್ಲಾಡಬೇಡಿ! ಹತ್ತು ಎಣಿಸಿದ್ರೆ ನಮ್ದೇ!" ಎಂದು ಬೆಂಕಿ ಕೂಗಿದ. ನಿಂತ ಜಾಗ ನೋಡು ಎಂದು ಬೋರ್ಡೂ ಅದನ್ನೇ ಹೇಳುತ್ತಿತ್ತು.

ಆದರೆ ಹಸಿರು ಬೆಳಕು ನಿಂತುಹೋಗಿತ್ತು.

ದೊಡ್ಡಕ್ಕನಿಗೆ ನೀಲಿ ರಟ್ಟು ಕಣ್ಣಿಗೆ ಕಟ್ಟಿತು. ಹದಿನೈದು ವರ್ಷದಲ್ಲಿ ಅದೆಷ್ಟು ಸಲ ಓದಿದ್ದಳೋ, ಪೆನ್ಸಿಲ್ಲಿನಲ್ಲಿ ಬರೆದ ಏಳನೆಯ ಸಾಲು: ಔಷಧಿ ಕೊಡುವವರು ಹಿಂದೆ ಇರುತ್ತಾರೆ, ಅವರು ಕೂಗುವುದಿಲ್ಲ, ನೀವೇ ಆಗಾಗ ತಿರುಗಿ ನೋಡಿ. ಅವಳು ಮೌಸ್ ತಿರುಗಿಸಿದಳು. ಹಿಂದೆ, ಮುರಿದ ಕಮಾನಿನ ಕೆಳಗೆ, ಮದ್ದು ಒಂಟಿ. ಇಬ್ಬರು ಎದುರಾಳಿಗಳು ಅವಳನ್ನು ಗೋಡೆಗೆ ಒತ್ತುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಕೂತ ಮದ್ದು ಆಗಲೂ ಕೂಗಲಿಲ್ಲ. ತುಟಿ ಬಿಗಿಹಿಡಿದು ಆಡುತ್ತಿದ್ದಳು.

ದೊಡ್ಡಕ್ಕ ಮುಂದಿನ ಕೀಯಿಂದ ಬೆರಳೆತ್ತಿ, ಅಕ್ಷರ ಅಳಿಸದ ಆ ಹಿಂದಿನ ಕೀ ಒತ್ತಿದಳು. ಗುಂಡು ಬರುವ ಕಡೆಗೆ ಗುರಾಣಿ ಹಿಡಿದುಕೊಂಡೇ ಒಂದೊಂದು ಹೆಜ್ಜೆ ಹಿಂದೆ ಸರಿದು ಕಮಾನಿನ ಕೆಳಗೆ ಹೋದಳು. ಮದ್ದುವಿನ ಮುಂದೆ ಗುರಾಣಿ ನಿಲ್ಲಿಸಿದಳು. ಮದ್ದು ಬದುಕಿದಳು. ಚಕ್ರದಲ್ಲಿ ಒಂಟಿಯಾದ ಬೆಂಕಿ ಬಿದ್ದ. ಅವರ ಎಣಿಕೆ ನೂರಾಯಿತು.

ಸೋಲು ಎಂಬ ಕೆಂಪು ಅಕ್ಷರ ನಾಲ್ಕೂ ಪರದೆಯ ಮೇಲೆ ಮೂಡಿತು. ಬೆಂಕಿ ಬಾಯಿ ತೆರೆದ. ಮದ್ದುವಿನ ಕಡೆ ತಿರುಗಿದ. ಹದಿನೈದು ವರ್ಷದ ಹಿಂದೆ ತಿರುಗಿದ್ದೂ ಹೀಗೇ. ಆದರೆ ಈ ಸಲ ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಸತ್ತರೆ ಬೈಯಬೇಡ, ಹತ್ತು ಎಣಿಸು ಎನ್ನುವುದು ಬೋರ್ಡಿನ ಆರನೆಯ ಸಾಲು. ಅವನು ನಿಜಕ್ಕೂ ಎಣಿಸಿದ, ತುಟಿ ಅಲ್ಲಾಡುತ್ತಿದ್ದುದು ಕಾಣುತ್ತಿತ್ತು. ಹತ್ತಕ್ಕೆ ನಿಲ್ಲದೆ ಇಪ್ಪತ್ತರವರೆಗೂ ಹೋಗಿರಬೇಕು.

"ಅವತ್ತು," ಎಂದ ಕೊನೆಗೆ, ಮದ್ದುವಿಗೆ, ಕೀಬೋರ್ಡು ನೋಡುತ್ತ. "ಅವತ್ತು ನಾನು ಹಿಂದೆ ನೋಡಲೇ ಇಲ್ಲ ಕಣೇ."

"ಗೊತ್ತು ಬಿಡೋ," ಎಂದಳು ಮದ್ದು. "ನಂಗೆ ಅಲ್ಲಿಂದ ಎಲ್ಲಾ ಕಾಣ್ತಿತ್ತು."

ಕನ್ನಡಕ ತನ್ನ ಕನ್ನಡಕ ತೆಗೆದು ಮತ್ತೆ ಒರೆಸಿದ. ಬೆಂಕಿ ದೊಡ್ಡಕ್ಕನ ಕಡೆ ತಿರುಗಿದ. "ಅದಿರಲಿ, ನೀವು ಯಾಕಕ್ಕಾ ವಾಪಸ್ ಹೋದ್ರಿ? ಜಾಗ ಬಿಡಬೇಡ ಅಂತಲ್ವಾ ನಿಮ್ಮ ಸೂತ್ರ?"

"ನನ್ನದಲ್ಲ ಕಣಪ್ಪ."

"ಏನು?"

"ಒಂದೂ ನನ್ನದಲ್ಲ. ಇನ್ನೊಂದು ಸಾಲಿತ್ತು. ನಾನು ಬರೆಸಲಿಲ್ಲ."

ಬೆಂಕಿ ಬೋರ್ಡನ್ನು ನೋಡಿದ, ದೊಡ್ಡಕ್ಕನನ್ನು ನೋಡಿದ, ಆಮೇಲೆ ಒಂಬತ್ತನೇ ಕಂಪ್ಯೂಟರಿನ ಮುಂದೆ ತಲೆ ತಗ್ಗಿಸಿ ಕೂತವಳನ್ನು ನೋಡಿದ. ಚೌಕಟ್ಟನ್ನು ಎತ್ತಿ, ಅಕ್ಷರಗಳು ಕೆಳಗಾಗುವ ಹಾಗೆ ಮೇಜಿನ ಮೇಲೆ ಕವುಚಿ ಇಟ್ಟ.

ಹೊರಗೆ ಸೈಕಲ್ ಬೆಲ್ ಮತ್ತೆ ಕೇಳಿಸಿತು. ದೊಡ್ಡಕ್ಕ ಎದ್ದು ಕೌಂಟರಿಗೆ ಹೋದಳು. ಕೀಲಿಗೊಂಚಲಿನಿಂದ ಸಣ್ಣ ಕೀಲಿಯನ್ನು ಹುಡುಕಿ ಕೆಳಗಿನ ಡ್ರಾಯರ್ ತೆರೆದಳು. ನೀಲಿ ರಟ್ಟು ಮಾಸಬಾರದೆಂದು ಅವಳು ಹಾಕಿದ್ದ ಕಂದು ಕಾಗದದ ಹೊದಿಕೆಯೇ ಈಗ ಅಂಚಿನಲ್ಲಿ ಹರಿದಿತ್ತು. ಪುಟಗಳ ನಡುವೆ ಬೆರಳುದ್ದದ ಪೆನ್ಸಿಲ್ ಇನ್ನೂ ಇಟ್ಟಲ್ಲೇ ಇತ್ತು. ಸೆರಗಿನಿಂದ ಒಮ್ಮೆ ಒರೆಸಿ, ಒಂಬತ್ತನೇ ಕುರ್ಚಿಯ ಹತ್ತಿರ ಬಂದು, ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಮದ್ದುವಿನ ಮುಂದೆ ಚಾಚಿದಳು.