ಒಂದನೇ ಕ್ಲಾಸಿನ ನೆಲ

ಆ ಶಾಲೆಯಲ್ಲಿ ಮಕ್ಕಳಿಗೆ ಬೆಂಚುಗಳಿದ್ದವು, ಗಡಿಯಾರಕ್ಕೆ ಮೊಳೆಯಿತ್ತು, ಕಸದ ಬುಟ್ಟಿಗೂ ಒಂದು ಮೂಲೆಯಿತ್ತು. ಮಿಸ್ಸುಗಳಿಗೆ ಮಾತ್ರ ಕುರ್ಚಿ ಇರಲಿಲ್ಲ. ಕೂತರೆ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಪಾಠ ಕೆಡುತ್ತದೆ ಎಂದು ಶಾಲೆಯ ಸೆಕ್ರೆಟರಿ ಎಲ್ಲ ಕುರ್ಚಿಗಳನ್ನೂ ಎತ್ತಿಸಿಬಿಟ್ಟಿದ್ದರು. ಕ್ಲಾಸಿಗೊಂದು ಕ್ಯಾಮರಾ ಹಾಕಿಸಿ, ತಮ್ಮ ಕೋಣೆಯಲ್ಲಿ ಮೆತ್ತನೆಯ ಕುರ್ಚಿಯಲ್ಲಿ ಕೂತು, ಆರು ಕ್ಲಾಸುಗಳನ್ನೂ ಒಂದೇ ಪರದೆಯ ಮೇಲೆ ಕಾಯುತ್ತಿದ್ದರು.

ಬೆಳಿಗ್ಗೆ ಎಂಟೂವರೆಗೆ ನಿಂತರೆ ಸಂಜೆ ನಾಲ್ಕರವರೆಗೂ ನಿಂತೇ. ಒಂದನೇ ಕ್ಲಾಸಿನ ಹೊಸ ಮಿಸ್ಸಿಗೆ ಇದು ಮೊದಲ ವರ್ಷ. ಮೊದಲ ವರ್ಷದವರಿಗೆ ಇನ್ನೊಂದು ಕಟ್ಟಳೆ ಬೇರೆ: ಕೂತದ್ದು ಕಂಡರೆ ಸೆಕ್ರೆಟರಿಯ ಪುಸ್ತಕದಲ್ಲಿ ಒಂದು ಕೆಂಪು ಗೆರೆ. ಮೂರು ಗೆರೆ ಬಿದ್ದರೆ ಕೆಲಸ ಖಾಯಂ ಆಗುವುದಿಲ್ಲ, ಮನೆಗೆ ಹೋಗಬಹುದು. ಅವಳಿಗಾಗಲೇ ಎರಡು ಬಿದ್ದಿದ್ದವು. ಒಂದು, ಯಾರದೋ ಶೂ ಲೇಸು ಕಟ್ಟುವಾಗ ಬೆಂಚಿನ ತುದಿಗೆ ಕೂತದ್ದಕ್ಕೆ. ಇನ್ನೊಂದು, ವಾಂತಿ ಮಾಡಿಕೊಂಡ ಹುಡುಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡದ್ದಕ್ಕೆ. ವರ್ಷ ಮುಗಿಯಲು ಇನ್ನು ಒಂಬತ್ತೇ ದಿನ.

"ಒಂಬತ್ತು ದಿನ ಹೇಗಾದ್ರೂ ನಿಂತ್ಬಿಡೇ," ಎಂದು ಅಮ್ಮ ಬಿಸಿನೀರಿನ ಬಕೆಟ್ಟಿಗೆ ಉಪ್ಪು ಸುರಿಯುತ್ತಾ ಹೇಳಿದ್ದಳು. "ಆಮೇಲೆ ಯಾರ ಹಂಗೂ ಇಲ್ಲ."

"ಖಾಯಂ ಆದ್ರೂ ಕುರ್ಚಿ ಕೊಡಲ್ಲಮ್ಮ."

"ಕೆಲಸ ಆದ್ರೂ ಇರುತ್ತಲ್ಲ! ಕಾಲು ಅದ್ದು, ಸುಮ್ನೆ."

ಇಷ್ಟಾದರೂ ಬೆಳಿಗ್ಗೆ ಕ್ಲಾಸಿನ ಬಾಗಿಲು ತೆರೆದರೆ ಸಾಕು, ಅವಳೊಳಗೆ ನಗು ಉಕ್ಕುತ್ತಿತ್ತು. ನಾಲ್ಕು ಜನ ಕಂಡರೆ ನಾಲಿಗೆ ಹೊರಳದವಳು ಮಕ್ಕಳ ಮುಂದೆ ಆನೆಯಾಗುತ್ತಿದ್ದಳು, ಕಪ್ಪೆಯಾಗುತ್ತಿದ್ದಳು. ಮೊನ್ನೆ ಒಬ್ಬ, "ಮಿಸ್, ನೀವು ಮನೇಲೂ ನಿಂತೇ ಮಲಗ್ತೀರಾ, ಕುದುರೆ ಥರ?" ಎಂದು ಕೇಳಿದ್ದ. ಅದನ್ನು ನೆನೆದು ಬಸ್ಸಿನಲ್ಲಿ ಒಬ್ಬಳೇ ನಕ್ಕು, ಪಕ್ಕದವರು ಜಾಗ ಬದಲಿಸುವಂತೆ ಮಾಡಿದ್ದಳು.

ಆ ದಿನ ಕೂಡುವ ಲೆಕ್ಕ ನಡೆದಿತ್ತು. ಎರಡು ಜಡೆಯ ಹುಡುಗಿ ಎದ್ದು "ಒಂಬ..." ಎನ್ನುವಷ್ಟರಲ್ಲಿ ಅವಳ ಹಾಲುಹಲ್ಲು ಹಾರಿಹೋಯಿತು.

"ಮಿಸ್! ನನ್ ಹಲ್ಲು!"

ಇಪ್ಪತ್ತೇಳು ಮಕ್ಕಳೂ ಬೆಂಚಿನಡಿ ನುಗ್ಗಿದವು. ಮಿಸ್ಸೂ ಮಂಡಿಯೂರಿದಳು. ಪೆನ್ಸಿಲ್ ಚೂರುಗಳು ಸಿಕ್ಕವು, ಅಂಗಿಯ ಗುಂಡಿ ಸಿಕ್ಕಿತು, ಹಲ್ಲು ಮಾತ್ರ ಇಲ್ಲ.

"ಮಿಸ್, ಇರುವೆ ಹೊತ್ಕೊಂಡ್ ಹೋಗಿರ್ಬೇಕು!"

"ಪಾಪ, ಅದಕ್ಕೆ ಹಲ್ಲಿರಲಿಲ್ವೇನೋ," ಎಂದಳು ಮಿಸ್ಸು.

ಮಕ್ಕಳು ಬಿದ್ದು ಬಿದ್ದು ನಕ್ಕವು. ಕಡೆಗೆ ಹಲ್ಲು ಹುಡುಗಿಯ ಜೇಬಿನಲ್ಲೇ ಸಿಕ್ಕಿತು. ಆ ಹೊತ್ತಿಗೆ ಮಿಸ್ಸು ತನಗೇ ತಿಳಿಯದೆ ಗೋಡೆಗೊರಗಿ ಕಾಲು ಚಾಚಿದ್ದಳು. ನೆಲದ ತಂಪು ಮೀನಖಂಡಕ್ಕೆ ಏರಿತು. ಅಬ್ಬಾ!

"ಇಲ್ಲೇ ಲೆಕ್ಕ ಮಾಡೋಣ್ವಾ?"

"ಹೂಂ ಮಿಸ್!"

ಪೆನ್ಸಿಲ್ ಚೂರುಗಳನ್ನು ಹರಡಿ ಎಣಿಸತೊಡಗಿದರು.

ಕ್ಯಾಮರಾಕ್ಕೆ ಬೆಂಚಿನ ಮೇಲಿನ ಲೋಕ ಮಾತ್ರ ಕಾಣುತ್ತಿತ್ತು. ಪರದೆಯ ಮೇಲೆ ಒಂದನೇ ಕ್ಲಾಸೇ ಮಾಯ! ಸೆಕ್ರೆಟರಿ ಬರಿಗಾಲಲ್ಲೇ ಓಡಿ ಬಂದರು.

"ಮಕ್ಕಳೆಲ್ಲಿ? ಎಲ್ಲಿ ಹೋದ್ವು ಅಂತೀನಿ!"

"ಇಲ್ಲೀಈಈ!" ಎಂದಿತು ಬೆಂಚಿನಡಿ.

ಅವರು ಬಗ್ಗಿ ನೋಡಿದರು. "ಏನಮ್ಮಾ ಇದು! ಕಾಲ್ ಚಾಚ್ಕೊಂಡು ಕೂತಿದ್ದೀಯಾ? ಮೂರನೇ ಗೆರೆ, ಮುಗೀತು. ನಾಳೆಯಿಂದ ಬರೋದೇ ಬೇಡ."

ಅಳು ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ತಲೆ ಹಗುರಾಯಿತು, ಜಾತ್ರೆಯ ಬಲೂನಿನಷ್ಟು ಹಗುರ.

"ನಾಳೆಯಿಂದ ತಾನೇ ಸರ್? ಇವತ್ತಿನ ಲೆಕ್ಕ ಮುಗಿಸ್ತೀನಿ."

"ಎದ್ದು ನಿಂತು ಮಾತಾಡು!"

"ಗೆರೆ ಹಾಕಿ ಆಯ್ತಲ್ಲ ಸರ್. ಇನ್ನೂ ಯಾಕೆ ನಿಲ್ಲಲಿ?"

ತನ್ನ ಬಾಯಿಂದ ಬಂದ ಮಾತಿಗೆ ಅವಳೇ ಬೆರಗಾದಳು.

ಗಲಾಟೆ ಕೇಳಿ ಎರಡನೇ ಕ್ಲಾಸಿನ ಮಿಸ್ಸು ಬಾಗಿಲಿಗೆ ಬಂದಿದ್ದಳು. ಎಲ್ಲರಿಗೂ ಅಕ್ಕ. ಹನ್ನೊಂದು ವರ್ಷ ನಿಂತು ಅವಳ ಕಾಲಿನ ನರಗಳು ಹಗ್ಗದಂತೆ ಉಬ್ಬಿದ್ದವು. ಅವಳು ಸೆಕ್ರೆಟರಿಯನ್ನು ದಾಟಿ, ಗೋಡೆ ಹಿಡಿದು, ಮೆಲ್ಲಗೆ ಹೊಸ ಮಿಸ್ಸಿನ ಪಕ್ಕ ಕೂತಳು.

"ಅಮ್ಮಾ... ಈ ನೆಲ ಇಷ್ಟು ಚೆನ್ನಾಗಿದೆ ಅಂತ ಇಷ್ಟು ವರ್ಷ ಒಬ್ರೂ ಹೇಳ್ಲಿಲ್ವಲ್ಲೇ!"

"ನೀವೂನಾ ಮಿಸ್?"

"ನಾನೂನೇ ಸರ್. ಇವಳನ್ನ ಕಳಿಸಿದ್ರೆ ಎರಡನೇ ಕ್ಲಾಸಿಗೂ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ."

ಅಕ್ಕನ ಹಿಂದೆಯೇ ಬಂದಿದ್ದ ಎರಡನೇ ಕ್ಲಾಸಿನ ಮಕ್ಕಳು, "ಮಿಸ್ ಕೂತ್ರು! ಮಿಸ್ ಕೂತ್ರು!" ಎಂದು ಕೂಗುತ್ತಾ ವರಾಂಡದುದ್ದಕ್ಕೂ ಓಡಿದವು. ಸ್ವಲ್ಪ ಹೊತ್ತಿಗೆ ಆಯಾ ಏದುಸಿರು ಬಿಡುತ್ತಾ ಬಂದಳು.

"ಸಾರ್, ನಿಮ್ ಟೀವಿಲಿ ಒಂದು ನರಪಿಳ್ಳೆನೂ ಇಲ್ಲ! ಆರು ಕ್ಲಾಸೂ ಖಾಲಿ! ಎಲ್ಲಾ ಮಿಸ್ಸುಗಳೂ ಮಕ್ಳ ಜೊತೆ ಕೆಳಗೆ ಕೂತವ್ರೆ!"

ಹೇಳಿದವಳೇ ಪೊರಕೆ ಬದಿಗಿಟ್ಟು ಹೊಸ್ತಿಲಲ್ಲಿ ಕೂತಳು.

"ಎದ್ದೇಳಿ ಎಲ್ರೂ!" ಸೆಕ್ರೆಟರಿ ಕಿಟಕಿ ನಡುಗುವಂತೆ ಕಿರುಚಿದರು.

ಇಪ್ಪತ್ತೇಳು ಮಕ್ಕಳು ಪುಟಿದೆದ್ದು ರಾಗ ಎಳೆದವು: "ನಮಸ್ತೇ ಸಾ...ರ್!"

ಮೂವರು ಹೆಂಗಸರು ಕದಲಲಿಲ್ಲ.

"ಕೂತ್ಕೊಳ್ಳಿ ಮಕ್ಳಾ," ಎಂದಳು ಹೊಸ ಮಿಸ್ಸು. ನಗು ತಡೆದು ತಡೆದು ಅವಳ ಕಣ್ಣಲ್ಲಿ ನೀರು ಬಂದಿತ್ತು. ಮಕ್ಕಳು ದುಬುದುಬು ನೆಲಕ್ಕೆ ಕೂತವು.

ಸೆಕ್ರೆಟರಿ ಒಬ್ಬರೇ ಕ್ಲಾಸಿನ ನಡುವೆ ನಿಂತಿದ್ದರು. ಕಡೆಯ ಸಾಲಿನ ಪುಟಾಣಿಯೊಬ್ಬಳು ಅವರನ್ನು ಮೇಲಿಂದ ಕೆಳಗೆ ನೋಡಿದಳು. ಕ್ಲಾಸಿನಲ್ಲಿ ಒಬ್ಬರನ್ನೇ ನಿಲ್ಲಿಸುವುದು ಯಾವಾಗ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮರುಕದಿಂದ ಕೇಳಿದಳು:

"ಸಾರ್, ನೀವೇನ್ ತಪ್ಪು ಮಾಡಿದ್ರಿ?"