ಮಂಗಳವಾರ ಹೋದವನು

ಹೈದರಾಬಾದಿನ ಅಬಿಡ್ಸಿನ ಆ ಸಣ್ಣ ಕಂಪ್ಯೂಟರ್ ಆಫೀಸಿನಲ್ಲಿ ಮುದುಕಿ ಗುರುಬಾಯಿ ದಖನಿ ಉರ್ದುವಿನಲ್ಲಿ ಹೇಳಹೋಗಿ ತಡವರಿಸಿದಳು. ದುಃಖ ಉಕ್ಕಿದಾಗಲೆಲ್ಲ ಮಾತು ಕನ್ನಡಕ್ಕೆ ಹೊರಳುತ್ತಿತ್ತು. ಕಡೆಗೆ ಒಳಗಿನಿಂದ ಪ್ರಫುಲ್ಲಾಳನ್ನು ಕರೆದರು. ರಾಯಚೂರಿನವಳು, ಅಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ. ಪಟಾನ್‌ಚೆರುವಿನ ಕಾರ್ಮಿಕ ಸಂಘವೊಂದರ ಹಳೇ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದವಳೂ ಅವಳೇ.

ತೀರಿಹೋದ ಸದಸ್ಯರ ಮನೆಗಳಿಗೆ, ಸತ್ತ ದಿನವನ್ನು ನಮೂದಿಸಿ, ಸಂಘ ಕಳಿಸಿದ್ದ ಹೊಸ ಕಾಗದವನ್ನು ಮುದುಕಿ ಮುಂದಿಟ್ಟಳು.

"ನನ್ನ ಮಗ ಮಲ್ಲಣ್ಣ ಎದಿ ಹಿಡದು ಸತ್ತದ್ದು ಮಂಗಳವಾರ ಮಧ್ಯಾಹ್ನ, ಕಾರ್ಖಾನ್ಯಾಗ. ಇದರಾಗ ಸೋಮವಾರ ಅಂತ ಐತಂತ, ಬಾಜೂ ಮನಿಯಾಕಿ ಓದಿ ಹೇಳಿದ್ಲು." ದನಿ ತಗ್ಗಿಸಿದಳು. "ಸೋಮವಾರನ ಸತ್ತಿದ್ದಂದ್ರ, ಆ ರಾತ್ರಿ ನನ್ನ ಮನಿಗೆ ಬಂದು, ಉಂಡು, ಮಲಗಿ, ಮುಂಜಾನೆ ರೊಟ್ಟಿ ಕಟ್ಟಿಸಿಕೊಂಡು ಹೋದವ ಯಾರವ್ವಾ?"

ಮಲ್ಲಣ್ಣನ ದಾಖಲೆ ತೆರೆದು ನೋಡಿದೊಡನೆ ಪ್ರಫುಲ್ಲಾಳಿಗೆ ಎಡವಟ್ಟು ತಿಳಿಯಿತು. ಕಂಪ್ಯೂಟರು ದಿನಗಳನ್ನು ಸೆಕೆಂಡುಗಳ ದೊಡ್ಡ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ, ಅದೂ ಲಂಡನ್ನಿನ ಗಡಿಯಾರದ ಲೆಕ್ಕದಲ್ಲಿ. ಗಂಟೆ ಬರೆಯದ ತಾರೀಖನ್ನು ಅದು ಆ ದಿನ ಹುಟ್ಟುವ ನಡುರಾತ್ರಿಯೆಂದೇ ಹಿಡಿಯುತ್ತದೆ. ಇಲ್ಲಿ ಮಂಗಳವಾರ ಹುಟ್ಟುವ ನಡುರಾತ್ರಿ, ಅಲ್ಲಿ ಇನ್ನೂ ಸೋಮವಾರದ ಸಂಜೆ. ಆ ಸಂಖ್ಯೆಯನ್ನು ಮರಳಿ ತಾರೀಖು ಮಾಡುವಾಗ ನಡುವಿನ ಅಂತರ ಕೂಡಿಸುವುದನ್ನು ಅವಳು ಮರೆತಿದ್ದಳು.

"ಆಯಿ, ತಪ್ಪು ನಂದರಿ. ನಿಮ್ಮ ಮಗ ಹೋದದ್ದು ಮಂಗಳವಾರನ. ಆ ರಾತ್ರಿ ಮನಿಗೆ ಬಂದವರು ಅವರೇ, ಬೇರೆ ಯಾರೂ ಅಲ್ಲ."

ತಿದ್ದಿದ ಕಾಗದ ತೆಗೆದು ಓದಿ ಹೇಳಿದಳು. ಗುರುಬಾಯಿ ಇನ್ನೊಮ್ಮೆ ಓದಿಸಿದಳು. ಮುಖದಲ್ಲಿ ನೆಮ್ಮದಿ ಕಾಣಬಹುದೆಂದು ಪ್ರಫುಲ್ಲಾ ಕಾದಳು. ಮುದುಕಿ ಮಾತ್ರ ಅಲ್ಲೇ ನೆಲಕ್ಕೆ ಕುಸಿದಳು.

"ದೆವ್ವ ಉಂಡು ಹೋಗೇತಿ ಅಂತ ಅಂಜಿದ್ನಲ್ಲವ್ವಾ! ಅವ ಉಂಡ ತಾಟು, ಹೊದ್ದ ಚಾದರ, ಎಲ್ಲಾ ಕೆರಿಗೆ ಒಗದು ಬಂದೆ. ಅವನ ಫೋಟೋನೂ ಗ್ವಾಡಿಯಿಂದ ಇಳಿಸಿದೆ. ನನ್ನ ಕೂಸನ್ನ ನಾನ ಮನಿಯಿಂದ ಹೊರಗ ಹಾಕಿದೆ."

ಪ್ರಫುಲ್ಲಾ ಅವಳ ಕೈಹಿಡಿದು ಎಬ್ಬಿಸಿ, ಪಟಾನ್‌ಚೆರು ಬಸ್ಸಿನ ತನಕ ನಡೆಸಿಕೊಂಡು ಹೋದಳು. ಸೀಟಿನಲ್ಲಿ ಕೂತ ಮುದುಕಿ ತಿರುಗಿ ನೋಡಲಿಲ್ಲ.

ಅದೇ ವಾರ ಪ್ರಫುಲ್ಲಾ ಎಲ್ಲ ಸಾವುಗಳನ್ನೂ ಅವುಗಳ ದಿನಕ್ಕೆ ಮರಳಿಸಿದಳು. ಸಂಘದವರು ಮನೆಮನೆಗೂ ಹೊಸ ಕಾಗದ ಕಳಿಸಿದರು. ಕೇಳಲು ಬೇರಾರೂ ಬರಲಿಲ್ಲ. ಅದೇ ಅವಳನ್ನು ಕಾಡಿತು: ಕೇಳದೆಯೇ ನಂಬಿಬಿಟ್ಟವರು ಎಷ್ಟು ಜನರೋ! ಮಣಿಕೊಂಡದ ತನ್ನ ಬಾಡಿಗೆ ಮನೆಯಲ್ಲಿ ಸಂಜೆ ಯಾರಾದರೂ ಬಾಗಿಲು ಬಡಿದರೆ, ಜೊತೆಗಿರುವ ತಮ್ಮನೇ ಬಂದಿದ್ದಾನೆಂದು ಗೊತ್ತಿದ್ದರೂ, ಅವಳಿಗೆ ಚಿಲಕದ ಮೇಲೆ ಕೈ ಇಡಲು ಕೊಂಚ ಹೊತ್ತು ಹಿಡಿಯುತ್ತಿತ್ತು.