ಹಳ್ಳದ ಆಚೆ ದಡ

ಶನಿವಾರ ಮುಂಬೈ ಹತ್ತಿರದ ಡೊಂಬಿವಲಿಯಿಂದ ಹೊರಟ ಅಪರ್ಣಾ, ಅವಳ ಗಂಡ ಹೃಷಿಕೇಶ್, ಹದಿನೈದರ ಮಗಳು ವಿಶ್ರುತ, ಮುರಬಾಡದ ಆಚೆ ಒಂದು ಕೆರೆಯ ಪಕ್ಕದ ಕ್ಯಾಂಪಿನ ಟೆಂಟಿನಲ್ಲಿ ರಾತ್ರಿ ಕಳೆದಿದ್ದರು. ಭಾನುವಾರ ಬೆಳಿಗ್ಗೆಯಿಂದ ಹೃಷಿಕೇಶನದೇ ಕಾರುಬಾರು. ಘಾಟಿನಲ್ಲಿ ಕಾರು ಎಲ್ಲಿ ನಿಲ್ಲಬೇಕು, ಯಾರು ಎಲ್ಲಿ ನಿಂತು ನಗಬೇಕು, ಎಲ್ಲ ಅವನದೇ ತೀರ್ಮಾನ. ಒಂದು ತಿರುವಿನಲ್ಲಿ ಮಂಜು ಸರಿದು ಕಣಿವೆ ಕಂಡಿತು. ಅಪರ್ಣಾ ಮೈಮರೆತು ನಿಂತಳು. ಅವನು ಕಾರಿನೊಳಗಿಂದ ಹಾರ್ನ್ ಹೊಡೆದ. "ಬೇಗ ಬಾ, ಇನ್ನೂ ಮೂರು ಪಾಯಿಂಟ್ ಇದೆ." ಅವಳು ಹಲ್ಲು ಕಚ್ಚಿಕೊಂಡು ಬಂದು ಕೂತಳು.

ಹನ್ನೊಂದಕ್ಕೆ ನಡಿಗೆ ಶುರುವಾಯಿತು. ಕ್ಯಾಂಪಿನವರು ಜೊತೆಗೆ ಕಳಿಸಿದ ಗೈಡ್ ಶೇಖರ ಅದೇ ಊರಿನ ರೈತ, ಐವತ್ತು ದಾಟಿದವನು. ಒಂದು ಹಳ್ಳದ ಹತ್ತಿರ ನಿಂತು ಮೇಲಿನ ಗುಡ್ಡ ನೋಡಿದ. "ಸಾಹೇಬ್, ಮೇಲೆ ಮಳೆ ಹೊಡೀತಿದೆ. ಇದನ್ನು ದಾಟೋದು ಬೇಡ. ಜಲಪಾತ ಇಲ್ಲಿಂದಲೇ ಕಾಣುತ್ತೆ" ಎಂದ ಹಿಂದಿಯಲ್ಲಿ.

"ಮೊಣಕಾಲುದ್ದ ನೀರಿಗೆ ಇಷ್ಟು ಭಯಾನಾ?" ಹೃಷಿಕೇಶ್ ನಕ್ಕ.

"ರೀ, ಅವರು ಇಲ್ಲಿಯವರು. ಬೇಡ ಅಂತಿದ್ದಾರಲ್ಲ" ಎಂದಳು ಅಪರ್ಣಾ.

"ನೀನು ಇಲ್ಲೇ ಕೂತಿರು."

"ಪಾಪಾ, ರೆಹನೇ ದೋ ನಾ" ಎಂದು ಬೇಡವೆನ್ನುತ್ತ ವಿಶ್ರುತ ಹಿಂದೆ ಸರಿದಳು. ಅವನು ಅವಳ ಕೈ ಹಿಡಿದು ಎಳೆದುಕೊಂಡೇ ದಾಟಿದ. ಅಪರ್ಣಾ ಒಂದು ಬಂಡೆಯ ಮೇಲೆ ಕೂತಳು.

ಅವರಿಬ್ಬರೂ ಜಲಪಾತದ ಮುಂದೆ ಫೋಟೊ ತೆಗೆಯುತ್ತಿದ್ದಾಗ ನೀರಿನ ಬಣ್ಣ ಬದಲಾಯಿತು. ನೋಡನೋಡುತ್ತ ಕೆಂಪು ನೀರು ನುಗ್ಗಿ ಸೊಂಟದೆತ್ತರ ಏರಿತು. ಆಚೆ ದಡದಲ್ಲಿ ವಿಶ್ರುತ "ಅಮ್ಮಾ" ಎಂದು ಕಿರುಚಿದ್ದು ಅರ್ಧವೂ ಕೇಳಿಸಲಿಲ್ಲ. ಶೇಖರ ಹೊಲದತ್ತ ಓಡಿ ಇಬ್ಬರನ್ನು ಕರೆತಂದ. ಮರಕ್ಕೆ ಹಗ್ಗ ಬಿಗಿದು ತಾನೇ ನೀರಿಗಿಳಿದ. ಹುಡುಗಿಯನ್ನು ತರುವಾಗ ನಡುವೆ ಅವಳ ಕಾಲು ಜಾರಿತು. ಅವಳನ್ನು ಬಿಡದೆ ತನ್ನ ಮೈಯನ್ನೇ ಬಂಡೆಗೆ ಕೊಟ್ಟ. ಮೊಣಕೈ ಸೀಳಿತು. ಆ ಕೈಯಲ್ಲೇ ಮತ್ತೆ ಹೋಗಿ ಹೃಷಿಕೇಶನನ್ನೂ ಕರೆತಂದ.

ದಡಕ್ಕೆ ಬಂದವನೇ ಹೃಷಿಕೇಶ್ ಶೇಖರನ ಮೇಲೆ ಕೂಗಾಡಿದ. "ಗೈಡ್ ಅಂತ ಯಾಕೆ ಬರ್ತೀಯಾ? ಮೊದಲೇ ಹೇಳಕ್ಕೆ ಏನಾಗಿತ್ತು? ಕಂಪ್ಲೇಂಟ್ ಮಾಡ್ತೀನಿ."

ಶೇಖರ ರಕ್ತ ಸುರಿಯುವ ಕೈಗೆ ಟವೆಲ್ ಸುತ್ತುತ್ತಿದ್ದ.

ಅಪರ್ಣಾಳ ಮೈ ಹೊತ್ತಿಕೊಂಡಿತು. "ಸುಳ್ಳು ಹೇಳಬೇಡ!"

ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಗಂಡನಿಗೆ ಏಕವಚನ ಬಳಸಿದ್ದು ಅದೇ ಮೊದಲು.

"ಎಲ್ಲರ ಮುಂದೆ ಏನಿದು?"

"ಎಲ್ಲರ ಮುಂದೇನೇ ಹೇಳ್ತೀನಿ. ಅವರು ಬೇಡ ಅಂದ್ರು. ನಾನು ಬೇಡ ಅಂದೆ. ಮಗೂನೂ ಬೇಡ ಅಂತು. ಮೂರು ಜನರ ಮಾತನ್ನ ಕಾಲ ಕೆಳಗೆ ಹಾಕ್ಕೊಂಡು ಹೋದೆ. ಈಗ ನಿನ್ನ ಜೀವ ಉಳಿಸಿದವರಿಗೇ ಬೈತೀಯಾ? ಕಾರಿನ ಕೀ ಕೊಡು. ಇವರನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಬೇಕು."

"ಕ್ಯಾಂಪಲ್ಲೇ ಪಟ್ಟಿ ಕಟ್ತಾರೆ."

ಅವಳು ಅವನ ಬ್ಯಾಗಿಗೆ ಕೈಹಾಕಿ ಕೀ ತೆಗೆದುಕೊಂಡಳು.

ಮುರಬಾಡದವರೆಗೆ ಅವಳೇ ಓಡಿಸಿದಳು. ಶೇಖರ ಮುಂದೆ, ಅಪ್ಪ ಮಗಳು ಹಿಂದೆ. ಕ್ಲಿನಿಕ್ಕಿನಲ್ಲಿ ಏಳು ಹೊಲಿಗೆ ಬಿತ್ತು. ಶೇಖರನ ಮಗ ಬೈಕಿನಲ್ಲಿ ಬಂದು ಅವನನ್ನು ಕರೆದುಕೊಂಡು ಹೋಗುವಾಗ ಅಪರ್ಣಾ ಇಬ್ಬರಿಗೂ ಕೈಮುಗಿದಳು. ಹೊರಗೆ ಬಂದರೆ ಹೃಷಿಕೇಶ್ ಕಾರಿಗೊರಗಿ ಮೊಬೈಲಿನಲ್ಲಿ ಕ್ಯಾಂಪಿನ ರಿವ್ಯೂ ಬರೆಯುತ್ತಿದ್ದ. ಒಂದು ಸ್ಟಾರ್, ಕೆಳಗೆ 'ಬೇಜವಾಬ್ದಾರಿ ಗೈಡ್'.

"ಅಳಿಸು" ಎಂದಳು.

"ಅಪರ್ಣಾ, ನಾನೂ ಹೆದರಿದ್ದೆ ಕಣೇ."

"ಹೆದರಿದ್ದನ್ನ ಬರಿ. ಇದನ್ನ ಅಳಿಸು."

ಅವನು ಅಳಿಸುವವರೆಗೂ ಅವಳು ಕದಲಲಿಲ್ಲ.

ಮನೆಗೆ ಮರಳುವ ಕಲ್ಯಾಣದ ದಾರಿಯಲ್ಲಿ ವಿಶ್ರುತ ಮುಂದೆ ಕೂತಿದ್ದಳು. ಮನೆಯಲ್ಲಿ ಯಾವತ್ತೂ ಹಿಂದಿಯಲ್ಲೇ ಉತ್ತರಿಸುವ ಹುಡುಗಿ, ತಡವರಿಸುತ್ತ, "ಅಮ್ಮಾ, ನಾನು ಬೇಡ ಅಂದೆ. ಪಾಪಾ ಕೇಳ್ಲಿಲ್ಲ. ನೀನು ಅಲ್ಲೇ ಕೂತಿದ್ದೆ" ಎಂದಳು.

ಗಂಡನ ಮೇಲಿದ್ದ ಸಿಟ್ಟು ಹಾಗೇ ಇತ್ತು. ಅದರ ಪಕ್ಕದಲ್ಲೇ ಇನ್ನೊಂದು ಸಿಟ್ಟು, ತನ್ನ ಮೇಲೆಯೇ, ಎದೆಗೆ ಒದ್ದಂತೆ ಎದ್ದಿತು. ಹಿಂದಿನ ಸೀಟಿನಲ್ಲಿದ್ದವನಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದಳು:

"ಹೌದು ಪುಟ್ಟಾ, ಕೂತಿದ್ದೆ. ಎದ್ದು ಬಂದು ನಿನ್ನ ಕೈ ಬಿಡಿಸಬೇಕಿತ್ತು. ನಂದೂ ತಪ್ಪೇ."


ಅವಳು ಗೇರ್ ಬದಲಿಸಿ, ಮುಂದಿದ್ದ ಲಾರಿಯನ್ನು ಹಿಂದೆ ಹಾಕಿದಳು.